ಹೆರಿಗೆಯ ಕೋಣೆಗೆ ಬಂದ ನೆರೆಹೊರೆ

1677ರ ಏಪ್ರಿಲ್ ಆರಂಭದ ಒಂದು ರಾತ್ರಿ, ಬಾಸ್ಟನ್ ಪಟ್ಟಣದ ದೊಡ್ಡ ಮನೆಯೊಂದರ ಪಡಸಾಲೆಯಲ್ಲಿ ಮಾವ ಅಳಿಯ ಇಬ್ಬರೂ ಕೂತು ಕಾಯುತ್ತಿದ್ದರು. ಮಾವ ಜಾನ್ ಹಲ್ ಮ್ಯಾಸಚೂಸೆಟ್ಸ್ ವಸಾಹತಿನ ಟಂಕಸಾಲೆಯನ್ನು ನಡೆಸುತ್ತಿದ್ದವರು. ಅಳಿಯ ಸ್ಯಾಮ್ಯುಯೆಲ್ ಸೀವಾಲ್ ಮುಂದೆ ನ್ಯಾಯಾಧೀಶರಾಗಿ ಹೆಸರಾದವರು. ಒಳಗೆ ಸೀವಾಲರ ಹೆಂಡತಿ ಹ್ಯಾನಾ ಅವರ ಚೊಚ್ಚಲ ಹೆರಿಗೆ. ಕೂತಲ್ಲಿಗೇ ಮಗುವಿನ ಅಳು ಕೇಳಿಸಿತೆಂದು ಸೀವಾಲ್ ದಿನಚರಿಯಲ್ಲಿ ಬರೆದಿದ್ದಾರೆ. ಆಮೇಲೆ ತಾವು ಮಾಡಿದ ಕೆಲಸವನ್ನೂ ಬರೆದಿದ್ದಾರೆ. ರಾತ್ರಿ ಎರಡು ಗಂಟೆಯ ಹೊತ್ತಿಗೆ ಸೂಲಗಿತ್ತಿ ಎಲಿಜಬೆತ್ ವೀಡನ್ ಅವರನ್ನು ಮನೆಗೆ ಬಿಡಲು ಹೊರಟರು. ಅವರ ಹೆರಿಗೆ ಪೀಠವನ್ನು ಬಿಚ್ಚಿ ಚೀಲಕ್ಕೆ ತುಂಬಿದ್ದನ್ನು ತಾವೇ ಹೊತ್ತರು. ದಾರಿಯಲ್ಲಿ ಗಸ್ತಿನವರು ತಡೆದು ಯಾರು ನೀವೆಂದು ಕೇಳಿದರು. ಹೆಂಗಸಿನ ಕಸುಬು ಏನೆಂದು ಹೇಳಿದ ಕೂಡಲೇ, ನಿಮ್ಮ ಕೆಲಸವನ್ನು ದೇವರು ಹರಸಲಿ ಎಂದು ದಾರಿ ಬಿಟ್ಟರು. ಮುಂದಿನ ಭಾನುವಾರ ಮಧ್ಯಾಹ್ನ, ಪ್ರವಚನ ಅರ್ಧಕ್ಕೆ ಬಂದಾಗ, ಅದೇ ವೀಡನ್ ಮಗುವನ್ನು ಎತ್ತಿಕೊಂಡು ಚರ್ಚಿಗೆ ಬಂದರು. ತಂದೆ ಅದಕ್ಕೆ ಜಾನ್ ಎಂದು ಹೆಸರಿಟ್ಟರು. ತಾಯಿ ಇನ್ನೂ ಬಾಣಂತಿ ಕೋಣೆಯಲ್ಲೇ ಇದ್ದರು.

ನ್ಯೂ ಇಂಗ್ಲೆಂಡಿನ ಪ್ಯೂರಿಟನ್ ಕ್ರೈಸ್ತ ಕುಟುಂಬಗಳಲ್ಲಿ ಹೆರಿಗೆ ಎಂದರೆ ಯಾರು ಯಾರು ಏನೇನು ಮಾಡುತ್ತಿದ್ದರು ಎಂಬುದು ಈ ಕೆಲವೇ ಸಾಲುಗಳಲ್ಲಿ ಕಾಣಿಸುತ್ತದೆ. ಆ ಕಾಲದ ಮನೆ ಹೆರಿಗೆಯನ್ನು ನೆನೆಯುವವರು ಇಂದು ಎರಡು ಗುಂಪಾಗಿ ನಿಂತಿದ್ದಾರೆ. ಒಂದು ಗುಂಪಿಗೆ ಅದು ಪ್ರಕೃತಿ ತನ್ನಷ್ಟಕ್ಕೆ ನಡೆಸುತ್ತಿದ್ದ, ಭಕ್ತಿಯಿಂದ ತುಂಬಿದ್ದ, ಯಾರ ಹಸ್ತಕ್ಷೇಪವೂ ಇಲ್ಲದ ಶುಭ ಕಾರ್ಯ. ಇನ್ನೊಂದು ಗುಂಪಿಗೆ ಅದು ಅಜ್ಞಾನದ, ನಂಜಿನ, ಸಾವಿನ ಕತ್ತಲೆ ಕೋಣೆ. ಎರಡೂ ದಾಖಲೆಗೆ ಹೊಂದುವುದಿಲ್ಲ ಎಂಬುದೇ ನನ್ನ ವಾದ. ಆ ಹೆರಿಗೆಯ ಬಲ ಮನೆಯ ನಾಲ್ಕು ಗೋಡೆಗಳಲ್ಲಿರಲಿಲ್ಲ. ಪ್ರಕೃತಿಯನ್ನು ಅದರ ಪಾಡಿಗೆ ಬಿಡುವುದರಲ್ಲೂ ಇರಲಿಲ್ಲ. ಕಸುಬು ಬಲ್ಲ ಒಬ್ಬ ಹೆಂಗಸು, ಅವಳ ಸುತ್ತ ಹೆತ್ತು ಅನುಭವವಿದ್ದ ನಾಲ್ಕಾರು ಹೆಂಗಸರು, ಅವರಿಗೆಲ್ಲ ಅನ್ನ, ಬೆಂಕಿ, ಕುದುರೆ, ದೋಣಿ ಒದಗಿಸುವ ಒಂದು ಕುಟುಂಬ, ಇಷ್ಟೂ ಸೇರಿದ ಏರ್ಪಾಡಿನಲ್ಲಿ ಅದರ ಬಲವಿತ್ತು. ಪ್ರೀತಿ ಅಲ್ಲಿ ಮೈಮುರಿದು ಮಾಡುವ ಕೆಲಸದ ರೂಪದಲ್ಲಿತ್ತು. ಹೆರಿಗೆ ಆಸ್ಪತ್ರೆಗೆ ಹೋದಾಗ ನಾವು ಕಳೆದುಕೊಂಡದ್ದು ಮನೆಯ ಹಾಸಿಗೆಯನ್ನಲ್ಲ, ಈ ಏರ್ಪಾಡನ್ನು.

ಏರ್ಪಾಡು ಎನ್ನಲು ಆಧಾರವಿದೆ. ಮಗು ಹುಟ್ಟುವುದಕ್ಕೆ ಸುಮಾರು ಆರು ವಾರ ಮೊದಲೇ, ಹೆಂಡತಿಯ ಹೆರಿಗೆಗೆಂದು ಬಿಯರ್ ಹಾಕಿದ್ದನ್ನು ಸೀವಾಲ್ ದಿನಚರಿಯಲ್ಲಿ ಗುರುತಿಸಿದ್ದಾರೆ. ಹೆರುವವಳ ನರಳಾಟದ ಹೆಸರಿನಲ್ಲೇ ಕರೆಯುತ್ತಿದ್ದ ಈ ಬಿಯರ್, ಅದರ ಜೊತೆಗೆ ಅದೇ ಹೆಸರಿನ ಕೇಕು, ಬಂದ ಹೆಂಗಸರ ದಣಿವು ಆರಿಸಲು. ನೋವು ಶುರುವಾದರೆ ಮೊದಲು ಸೂಲಗಿತ್ತಿಗೆ ಕರೆ. ನೋವು ಬಲಿತ ಮೇಲೆ ನೆರೆಯ ಹೆಂಗಸರಿಗೆ ಕರೆ. ಹೆರಿಗೆಯಾದ ಮೇಲೆ ಬಾಣಂತನಕ್ಕೆ ನಿಲ್ಲುವವಳಿಗೆ ಕರೆ. ಈ ಮೂರು ಕರೆಗಳ ನಡುವೆ ಗಂಡನಿಗೂ ಮಾವನಿಗೂ ಒಳಗೆ ಪ್ರವೇಶವಿಲ್ಲ, ಆದರೆ ಹೊರಗಿನ ಕೆಲಸವೆಲ್ಲ ಅವರದೇ. ಹ್ಯಾನಾ ಹೆತ್ತದ್ದು ತವರಿನಲ್ಲಿ ಎಂಬುದು ನಮ್ಮ ಓದುಗರಿಗೆ ಹತ್ತಿರದ ಸಂಗತಿ. ಮದುವೆಯಾದ ಮೇಲೆ ಸೀವಾಲ್ ದಂಪತಿ ಹಲ್ ಅವರ ಮನೆಯಲ್ಲೇ ಇದ್ದರು, ಹಾಗಾಗಿ ಚೊಚ್ಚಲ ಹೆರಿಗೆಯ ಹೊತ್ತಿಗೆ ಅಪ್ಪನ ಮನೆಯೇ ಹೆರಿಗೆ ಮನೆಯಾಯಿತು.

ಇನ್ನು ಧರ್ಮದ ಮಾತು. ಈ ಜನ ಹೆರಿಗೆಯನ್ನು ಸಿಹಿಯಾಗಿ ಕಂಡವರಲ್ಲ. ಬಾಸ್ಟನ್ನಿನ ಪಾದ್ರಿ ಕಾಟನ್ ಮೇದರ್ 1710ರಲ್ಲಿ ಗರ್ಭಿಣಿಯರಿಗಾಗಿಯೇ ಒಂದು ಪುಸ್ತಿಕೆ ಅಚ್ಚು ಮಾಡಿಸಿದರು. ಸೂಲಗಿತ್ತಿಯರು ಅದನ್ನು ಬಸುರಿಯರ ಕೈಗೆ ತಲುಪಿಸಲಿ ಎಂಬುದು ಅವರ ಆಸೆ. ದಿನ ತುಂಬುತ್ತಿರುವವಳು ಸಾವಿಗೂ ಸಿದ್ಧಳಾಗಿರಬೇಕು, ತನ್ನ ಆತ್ಮದ ಲೆಕ್ಕ ನೋಡಿಕೊಳ್ಳಬೇಕು ಎನ್ನುವುದು ಅದರ ಉಪದೇಶ. ಅದಕ್ಕೂ ಮೊದಲೇ ಕವಿ ಆನ್ ಬ್ರಾಡ್‌ಸ್ಟ್ರೀಟ್, ಹೆರಿಗೆಯಲ್ಲಿ ತಾನು ಉಳಿಯದಿದ್ದರೆ ಎಂಬ ಅಳುಕಿನಲ್ಲಿ ಗಂಡನಿಗೆ ಒಂದು ಪದ್ಯ ಬರೆದಿದ್ದರು; ಎಂಟು ಮಕ್ಕಳ ತಾಯಿಯಾಗಿ 1672ರವರೆಗೆ ಬದುಕಿದರು. ಭಯ ನಿಜವಾಗಿತ್ತು. ಆ ಭಯಕ್ಕೆ ಉಪದೇಶದ ಪುಸ್ತಿಕೆಗಿಂತ ದೊಡ್ಡ ಉತ್ತರ ಕೊಟ್ಟವರು ಹಾಸಿಗೆಯ ಬದಿಗೆ ಬಂದು ಕೂತ ಹೆಂಗಸರು ಎಂದೇ ನಾನು ನಂಬುತ್ತೇನೆ. ಇಂಗ್ಲೆಂಡಿನ ಚರ್ಚಿನಲ್ಲಿ ಬಾಣಂತಿ ಎದ್ದು ಬಂದ ಮೇಲೆ ದೇವರಿಗೆ ವಂದನೆ ಸಲ್ಲಿಸುವ ವಿಧಿಯೊಂದಿತ್ತು. ಪ್ಯೂರಿಟನ್ನರು ಅದನ್ನು ಮೂಢ ಆಚರಣೆ ಎಂದು ತೊರೆದರು. ವಿಧಿ ಹೋದ ಜಾಗದಲ್ಲಿ ಉಳಿದುಕೊಂಡದ್ದು ಊಟ. 1702ರ ಜನವರಿಯಲ್ಲಿ ಹ್ಯಾನಾ ಸೀವಾಲ್ ತಮ್ಮ ಕೊನೆಯ ಮಗು ಜೂಡಿತ್ ಹುಟ್ಟಿದ ಎರಡು ವಾರಕ್ಕೆ ಸೂಲಗಿತ್ತಿಗೂ ಬಂದು ನೆರವಾದ ಹೆಂಗಸರಿಗೂ ಔತಣ ಕೊಟ್ಟರು. ಗಂಡ ಅದನ್ನು ಪದಾರ್ಥ ಬಿಡದೆ ಬರೆದಿದ್ದಾರೆ: ಬೇಯಿಸಿದ ಹಂದಿಮಾಂಸ, ದನದ ಮಾಂಸ, ಕೋಳಿ, ಚೆನ್ನಾಗಿ ಹುರಿದ ದನದ ಮಾಂಸ, ಟರ್ಕಿ ಕೋಳಿಯ ಪೈ, ಸಿಹಿ ಟಾರ್ಟು. ಮಾಂಸ ಕೊಯ್ದು ಬಡಿಸಿದವರು ಯಾರು, ಪಂಕ್ತಿಯಲ್ಲಿ ಯಾರು ಯಾರಿದ್ದರು ಎಂದು 15ಕ್ಕೂ ಹೆಚ್ಚು ಹೆಂಗಸರ ಹೆಸರು ಹೇಳಿ, ಒಲೆಯ ಬೆಂಕಿ ಕೋಣೆಯನ್ನು ಬೆಚ್ಚಗಿಟ್ಟಿತ್ತು ಎಂಬುದನ್ನೂ ಸೇರಿಸಿದ್ದಾರೆ. ಆ ದಂಪತಿಗೆ ಹುಟ್ಟಿದ್ದು 14 ಮಕ್ಕಳು. ಅರ್ಧಕ್ಕಿಂತ ಹೆಚ್ಚು ದೊಡ್ಡವರಾಗುವ ಮೊದಲೇ ಹೋದವು. ಏಪ್ರಿಲ್ ರಾತ್ರಿ ಹುಟ್ಟಿದ ಜಾನ್ ಎರಡು ವರ್ಷವನ್ನೂ ಕಾಣಲಿಲ್ಲ. ಇಷ್ಟು ಸಾವು ಕಂಡ ಮನೆ ಪ್ರತಿ ಹೆರಿಗೆಗೂ ಮತ್ತೆ ಬಾಗಿಲು ತೆರೆದು ನೆರೆಹೊರೆಯನ್ನು ಕರೆಯುತ್ತಿತ್ತು ಎಂಬುದನ್ನು ಮರೆಯಬಾರದು.

ಇಲ್ಲಿಯವರೆಗೆ ಹೇಳಿದ್ದು ಸಿರಿವಂತರ ಮನೆ, ಗಂಡಸಿನ ಬರವಣಿಗೆ. ಸೂಲಗಿತ್ತಿಯೇ ಬರೆದ ದಾಖಲೆ ಸಿಗುವುದು ನೂರು ವರ್ಷ ಕಳೆದ ಮೇಲೆ, ಈಗಿನ ಮೇನ್ ರಾಜ್ಯದ ಕೆನೆಬೆಕ್ ನದಿಯ ದಂಡೆಯಲ್ಲಿ. ಮಾರ್ಥಾ ಬಲ್ಲಾರ್ಡ್ 1735ರಲ್ಲಿ ಹುಟ್ಟಿದವರು. 1769ರ ಬೇಸಿಗೆಯಲ್ಲಿ ಗಂಟಲಮಾರಿ ಊರಿಗೆ ಬಂದಾಗ ಮೂರು ವಾರದೊಳಗೆ ಮೂವರು ಹೆಣ್ಣುಮಕ್ಕಳನ್ನು ಕಳೆದುಕೊಂಡವರು. 1785ರ ಜನವರಿ 1ರಿಂದ 1812ರ ಮೇ ವರೆಗೆ ಅವರು ಬರೆದ ದಿನಚರಿಯಲ್ಲಿ 816 ಹೆರಿಗೆಗಳ ಲೆಕ್ಕವಿದೆ. ಹೆರಿಗೆ ಮಾಡಿಸಿದ ದಿನದ ಅಂಚಿನಲ್ಲಿ ಗುರುತು, ಅವರ ಸಂಭಾವನೆ ಸಾಮಾನ್ಯವಾಗಿ ಆರು ಶಿಲಿಂಗ್, ಅದು ಸಂದಾಯವಾದಾಗ ಅದಕ್ಕೂ ಗುರುತು. ಹಣವಿಲ್ಲದವರು ದಿನಸಿಯಲ್ಲೋ ಸಾಮಾನಿನಲ್ಲೋ ತೀರಿಸುತ್ತಿದ್ದರು. ಬಹುಕಾಲ ಇತಿಹಾಸಕಾರರು ಈ ಬರವಣಿಗೆಯನ್ನು ಹವಾಮಾನ, ತೋಟ, ನೇಯ್ಗೆಯ ಚಿಲ್ಲರೆ ಸಂಗತಿ ಎಂದು ತಳ್ಳಿಹಾಕಿದ್ದರು. ಅದರೊಳಗಿನ ಊರನ್ನೇ ಎತ್ತಿ ತೋರಿಸಿದವರು ಲಾರೆಲ್ ಥ್ಯಾಚರ್ ಉಲ್ರಿಚ್. 1990ರಲ್ಲಿ ಬಂದ ಅವರ ಪುಸ್ತಕಕ್ಕೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು.

ಆ ದಿನಚರಿಯ ಒಂದು ದಿನವನ್ನು ಹತ್ತಿರದಿಂದ ನೋಡಿದರೆ ನನ್ನ ಮಾತಿಗೆ ಬೇಕಾದ ಸಾಕ್ಷಿ ಅಲ್ಲಿದೆ. 1789ರ ಏಪ್ರಿಲ್ ಕೊನೆ, ಬಿರುಮಳೆ. ಮಾರ್ಥಾ ಅವರಿಗೆ 54 ವರ್ಷ. ಹ್ಯುಯಿನ್ಸ್ ಎಂಬುವರ ಮನೆಯಿಂದ ಕರೆ ಬಂತು. ಅಲೆಯೆದ್ದ ನದಿಯನ್ನು ದೋಣಿಯಲ್ಲಿ ದಾಟಿದರು. ಮುಂದೆ ಸಿಕ್ಕ ಹಳ್ಳವನ್ನು ತೇಲುವ ದಿಮ್ಮಿಗಳ ಮೇಲೆ ಕಾಲಿಟ್ಟು ದಾಟಿದರು. ಕುದುರೆಯ ಮೇಲೆ ಹೋಗುತ್ತಿದ್ದಾಗ ಎದುರಿಗೇ ದೊಡ್ಡ ಮರವೊಂದು ಬುಡಸಮೇತ ಉರುಳಿ, ಕುದುರೆ ಬೆದರಿ ಹಿಂದಕ್ಕೆ ಹಾರಿತು. ಪಕ್ಕದ ಮನೆಯವನು ಬಂದು ಅವರನ್ನು ಬಿದ್ದ ಮರ ದಾಟಿಸಿದ. ಮತ್ತೊಂದು ಹಳ್ಳದ ಸೇತುವೆ ಕೊಚ್ಚಿಹೋಗಿತ್ತು. ಬಸುರಿಯ ಗಂಡನೇ ಲಗಾಮು ಹಿಡಿದು ನೀರಿಗಿಳಿದು ಕುದುರೆಯನ್ನು ನಡೆಸಿಕೊಂಡು ಹೋದ. ರಾತ್ರಿ ಹತ್ತಕ್ಕೆ ಹೆಣ್ಣುಮಗು ಸುಖವಾಗಿ ಹುಟ್ಟಿತು. ಪ್ರತಿ ಗಂಡಾಂತರ ದಾಟಿದ ಕಡೆಯೂ ಮಾರ್ಥಾ ದೇವರ ಕರುಣೆಯನ್ನು ನೆನೆದಿದ್ದಾರೆ. ಹಾಗೆಯೇ ಲಗಾಮು ಹಿಡಿದದ್ದು ಯಾರು, ಕೈಹಿಡಿದು ದಾಟಿಸಿದ್ದು ಯಾರು ಎಂಬುದನ್ನೂ ತಪ್ಪದೆ ಬರೆದಿದ್ದಾರೆ. ಅವರ ಭಕ್ತಿಯಲ್ಲಿ ದೇವರ ಹೆಸರಿನ ಪಕ್ಕದಲ್ಲೇ ನೆರೆಯವರ ಹೆಸರಿಗೂ ಜಾಗವಿತ್ತು. ಇನ್ನು ಅವರು ಹೀಗೆ ಹೊತ್ತಲ್ಲದ ಹೊತ್ತಿನಲ್ಲಿ ಹೊರಡಬೇಕಾದರೆ ಅವರ ಮನೆಯ ನೂಲು, ಮಗ್ಗ, ಒಲೆ ನೋಡಿಕೊಳ್ಳುವವರು ಬೇಕಿತ್ತು. ಹ್ಯಾನಾ, ಡಾಲಿ ಎಂಬ ಇಬ್ಬರು ಹೆಣ್ಣುಮಕ್ಕಳು ಬೆಳೆದು ಮನೆಯಲ್ಲಿದ್ದ ವರ್ಷಗಳಲ್ಲೇ ತಾಯಿಯ ಕಸುಬು ಹೆಚ್ಚು ಸಲೀಸಾಗಿ ನಡೆದದ್ದು. ಹೆರುವವಳ ಕುಟುಂಬ ಮಾತ್ರವಲ್ಲ, ಹೆರಿಸುವವಳ ಕುಟುಂಬವೂ ಆ ಕೆಲಸವನ್ನು ಹೊರುತ್ತಿತ್ತು.

ಇದೆಲ್ಲ ಚೆಂದದ ಕಥೆ, ಆದರೆ ಹೆಂಗಸರು ಸಾಯುತ್ತಿದ್ದರಲ್ಲ ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ ಅದು. ಮಾರ್ಥಾ ಅವರ 816 ಹೆರಿಗೆಗಳಲ್ಲಿ ಹೆರುವ ಹೊತ್ತಿನಲ್ಲೇ ತೀರಿಕೊಂಡ ತಾಯಿ ಒಬ್ಬರೂ ಇಲ್ಲ. ಬಾಣಂತನದ ದಿನಗಳಲ್ಲಿ ಐವರು ತೀರಿಕೊಂಡರು. ಸಾವಿರಕ್ಕೆ ಆರು ಎಂದಾಯಿತು. ಇಂದಿನ ಲೆಕ್ಕದಲ್ಲಿ ಅದು ಬಹಳ ಹೆಚ್ಚು, ಯಾರೂ ಒಪ್ಪಬಾರದ ಸಂಖ್ಯೆ. ಆದರೆ ಅದನ್ನು ಹೋಲಿಸಬೇಕಾದದ್ದು ಇಂದಿನ ಆಸ್ಪತ್ರೆಯ ಜೊತೆಗಲ್ಲ. ವಿಯೆನ್ನಾದ ದೊಡ್ಡ ಹೆರಿಗೆ ಆಸ್ಪತ್ರೆಯಲ್ಲಿ 1846ರಲ್ಲಿ, ವೈದ್ಯ ವಿದ್ಯಾರ್ಥಿಗಳು ನೋಡಿಕೊಳ್ಳುತ್ತಿದ್ದ ವಿಭಾಗದಲ್ಲಿ ನೂರಕ್ಕೆ ಹನ್ನೊಂದಕ್ಕೂ ಹೆಚ್ಚು ತಾಯಂದಿರು ನಂಜೇರಿ ಸತ್ತರು. ಸೂಲಗಿತ್ತಿಯರ ವಿಭಾಗದಲ್ಲಿ ನೂರಕ್ಕೆ ಮೂರಕ್ಕಿಂತ ಕಡಿಮೆ. ಹೆಣ ಕೊಯ್ದ ಕೈಯನ್ನು ತೊಳೆಯದೆ ಬಂದು ಬಾಣಂತಿಯನ್ನು ಮುಟ್ಟುವುದೇ ಇದಕ್ಕೆ ಕಾರಣವೆಂದು ಇಗ್ನಾಸ್ ಸೆಮ್ಮೆಲ್‌ವೈಸ್ 1847ರಲ್ಲಿ ಕಂಡುಕೊಂಡರು. ಅದಕ್ಕೂ ಅರ್ಧ ಶತಮಾನ ಮೊದಲು, 1795ರಲ್ಲಿ, ಸ್ಕಾಟ್ಲೆಂಡಿನ ಅಬರ್ಡೀನ್ ಊರಿನ ವೈದ್ಯ ಅಲೆಕ್ಸಾಂಡರ್ ಗಾರ್ಡನ್ ಇನ್ನೂ ನೋವಿನ ಸತ್ಯವೊಂದನ್ನು ಅಚ್ಚು ಮಾಡಿಸಿದ್ದರು: ಬಾಣಂತಿ ನಂಜನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಹೊತ್ತೊಯ್ಯುತ್ತಿದ್ದವರು ವೈದ್ಯರು ಮತ್ತು ಸೂಲಗಿತ್ತಿಯರೇ, ತಾವೂ ಅದಕ್ಕೆ ಹೊರತಲ್ಲ ಎಂದು. ಹಾಗಾಗಿ ಮನೆಯೆಂಬ ಒಂದೇ ಕಾರಣಕ್ಕೆ ಸೂಲಗಿತ್ತಿಯ ಕೈ ಶುದ್ಧವೆಂದು ಹೇಳಲಾಗದು. ಕೆನೆಬೆಕ್ ದಂಡೆಯ ಮನೆಗಳು ಒಂದಕ್ಕೊಂದು ದೂರ, ಒಂದು ಹೆರಿಗೆಗೂ ಇನ್ನೊಂದಕ್ಕೂ ಬಹುಪಾಲು ದಿನಗಳ ಅಂತರ. ಅದೂ ಮಾರ್ಥಾ ಅವರಿಗೆ ನೆರವಾಗಿರಲೇಬೇಕು. ಇದನ್ನು ಒಪ್ಪಿಕೊಂಡೇ ನಾನು ಹೇಳುವುದು, ಪಳಗಿದ ಕೈ ಮತ್ತು ಆತುರವಿಲ್ಲದ ಕಾವಲು ಇದ್ದ ಕಡೆ ಆ ಕಾಲದಲ್ಲೂ ಹೆಚ್ಚು ತಾಯಂದಿರು ಉಳಿದರು.

ಎರಡನೆಯ ಆಕ್ಷೇಪ ನನಗೆ ಇನ್ನೂ ಗಟ್ಟಿಯಾಗಿ ಕಾಣುತ್ತದೆ. ಪ್ರೀತಿಯ ಕ್ರೈಸ್ತ ನೆರೆಹೊರೆ ಎಂದು ಹೊಗಳುವ ಈ ವರ್ತುಲ ಎಲ್ಲರನ್ನೂ ಪ್ರೀತಿಸಿತೇ? ಇಲ್ಲ. 1637ರ ಅಕ್ಟೋಬರಿನಲ್ಲಿ ಬಾಸ್ಟನ್ನಿನ ಮೇರಿ ಡೈಯರ್‌ಗೆ ವಿಕಲಾಂಗ ಶಿಶು ಸತ್ತು ಹುಟ್ಟಿತು. ಸೂಲಗಿತ್ತಿ ಜೇನ್ ಹಾಕಿನ್ಸ್, ಜೊತೆಗಿದ್ದ ಆನ್ ಹಚಿನ್ಸನ್, ಪಾದ್ರಿ ಜಾನ್ ಕಾಟನ್ನರ ಸಲಹೆ ಪಡೆದು ಅದನ್ನು ಸದ್ದಿಲ್ಲದೆ ಹೂಳಿಸಿದರು. ಮುಂದಿನ ಮಾರ್ಚಿನಲ್ಲಿ, ಧರ್ಮದ್ರೋಹದ ಆರೋಪದ ಮೇಲೆ ಹಚಿನ್ಸನ್ ಅವರನ್ನು ಗಡೀಪಾರು ಮಾಡುವ ಹೊತ್ತಿಗೆ, ಗವರ್ನರ್ ಜಾನ್ ವಿಂಥ್ರಾಪ್ ಆ ಶಿಶುವನ್ನು ಹೂತಲ್ಲಿಂದ ತೆಗೆಸಿ ಜನರಿಗೆ ತೋರಿಸಿದರು. ತಪ್ಪು ನಂಬಿಕೆಗೆ ದೇವರು ಕೊಟ್ಟ ಶಿಕ್ಷೆಯೆಂದು ಸಾರಿದರು. ಹಾಕಿನ್ಸ್ ಕೂಡ ವಸಾಹತು ಬಿಡಬೇಕಾಯಿತು. ಹೆತ್ತ ತಾಯಿಯ ದುಃಖವನ್ನು ಧರ್ಮದ ಹೆಸರಿನಲ್ಲಿ ಇಷ್ಟು ಕೆಟ್ಟದಾಗಿ ಬಳಸಿಕೊಂಡ ಉದಾಹರಣೆ ಆ ವಸಾಹತಿನ ಚರಿತ್ರೆಯಲ್ಲಿ ಮತ್ತೊಂದಿಲ್ಲ ಎಂದೇ ನನ್ನ ಭಾವನೆ. ಮದುವೆಯಾಗದ ಬಸುರಿಯರ ಪಾಡೂ ಸುಲಭವಿರಲಿಲ್ಲ. 1668ರ ಕಾನೂನಿನಂತೆ, ನೋವು ತೀವ್ರವಾದಾಗ ಸೂಲಗಿತ್ತಿ ಅವಳನ್ನು ಮಗುವಿನ ತಂದೆ ಯಾರೆಂದು ಕೇಳಬೇಕಿತ್ತು; ಆ ಕ್ಷಣದಲ್ಲಿ ಯಾರೂ ಸುಳ್ಳಾಡರು ಎಂಬುದು ನಂಬಿಕೆ. ಮಾರ್ಥಾ ಕೂಡ ಕೇಳಿದರು. 1791ರ ಅಕ್ಟೋಬರಿನಲ್ಲಿ ಸ್ಯಾಲಿ ಪಿಯರ್ಸ್ ಎಂಬ ಹುಡುಗಿ ಹೇಳಿದ ಹೆಸರು ಮಾರ್ಥಾ ಅವರ ಸ್ವಂತ ಮಗ ಜೊನಾಥನ್‌ನದು. ಅವರು ಅದನ್ನು ಮುಚ್ಚಿಡಲಿಲ್ಲ, ದಿನಚರಿಯಲ್ಲಿ ಬರೆದರು. ಕೆಲವು ತಿಂಗಳಲ್ಲಿ ಇಬ್ಬರಿಗೂ ಮದುವೆಯಾಯಿತು. ಆ ಪ್ರಶ್ನೆಯಲ್ಲಿ ಕ್ರೌರ್ಯವಿತ್ತು, ಮಗುವಿಗೆ ಅನ್ನ ಹಾಕುವ ಹೊಣೆಯನ್ನು ಗಂಡಸಿನ ಮೇಲೆ ಹೊರಿಸುವ ಉಪಾಯವೂ ಇತ್ತು. ಒಂದನ್ನು ನೋಡಿ ಇನ್ನೊಂದನ್ನು ಮರೆಯುವುದು ನ್ಯಾಯವಲ್ಲ. ವರ್ತುಲ ಬೇಕು ಎನ್ನುವವರು ಅದಕ್ಕೆ ಕಾವಲುಗಾರನ ಅಧಿಕಾರ ಕೊಡಬಾರದು ಎಂಬುದನ್ನೂ ಈ ಚರಿತ್ರೆಯಿಂದಲೇ ಕಲಿಯಬೇಕು.

ವರ್ತುಲ ಒಡೆದದ್ದು ನಿಧಾನವಾಗಿ. ಮೊದಲು ಗಂಡು ವೈದ್ಯ ಮನೆಗೇ ಬಂದ, ಇಕ್ಕುಳ ತಂದ, ಅಫೀಮಿನ ಔಷಧಿ ತಂದ. ಮಾರ್ಥಾ ಅವರ ಊರಿನಲ್ಲೇ ಬೆಂಜಮಿನ್ ಪೇಜ್ ಎಂಬ ಎಳೆಯ ವೈದ್ಯ 1793ರಲ್ಲಿ ಹೆರುತ್ತಿದ್ದವಳಿಗೆ ಲಾಡನಮ್ ಕೊಟ್ಟು ಅವಳು ಮಂಪರಿಗೆ ಜಾರಿದ್ದನ್ನು ದಿನಚರಿ ಅಸಮಾಧಾನದಿಂದ ದಾಖಲಿಸಿದೆ. 1847ರಲ್ಲಿ ಕವಿ ಲಾಂಗ್‌ಫೆಲೋ ಅವರ ಪತ್ನಿ ಫ್ಯಾನಿ ಅಮೆರಿಕದಲ್ಲಿ ಮೊದಲ ಬಾರಿಗೆ ನೋವು ತಿಳಿಯದಂತೆ ಈಥರ್ ಪಡೆದು ಹೆತ್ತರು, ಅದೂ ಮನೆಯಲ್ಲೇ. 1900ರಲ್ಲಿ ಅಮೆರಿಕದ ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಿ ಆದವು ನೂರಕ್ಕೆ ಐದಕ್ಕಿಂತ ಕಡಿಮೆ. 1940ರ ಹೊತ್ತಿಗೆ ಅರ್ಧದಷ್ಟು. 1960ರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲವೂ. ತಾಯಂದಿರ ಸಾವು ಕಡಿಮೆಯಾದದ್ದು ಇದರಿಂದಲೇ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ವರ್ಷಗಳನ್ನು ಜೋಡಿಸಿ ನೋಡಿದರೆ ಲೆಕ್ಕ ಅಷ್ಟು ಸರಳವಾಗಿ ಕೂಡುವುದಿಲ್ಲ. 1915ರಿಂದ 1930ರವರೆಗೆ ಆಸ್ಪತ್ರೆ ಹೆರಿಗೆ ಏರುತ್ತಲೇ ಇತ್ತು, ಸಾವು ಇಳಿಯಲಿಲ್ಲ. 1930ರಲ್ಲೂ ಹತ್ತು ಸಾವಿರಕ್ಕೆ 60ಕ್ಕೂ ಹೆಚ್ಚು. ಅದು ಥಟ್ಟನೆ ಕುಸಿದದ್ದು 1936ರಿಂದ ಸಲ್ಫಾ ಔಷಧಿ, ಆಮೇಲೆ ಪೆನಿಸಿಲಿನ್, ರಕ್ತ ನೀಡುವ ವ್ಯವಸ್ಥೆ ಬಂದ ಮೇಲೆ. ಅವುಗಳಲ್ಲಿ ರಕ್ತ ಕೊಡುವುದು, ಹೊಟ್ಟೆ ಕೊಯ್ದು ಮಗು ತೆಗೆಯುವುದು ಆಸ್ಪತ್ರೆಯಲ್ಲೇ ಆಗಬೇಕು, ಅನುಮಾನವಿಲ್ಲ. ಮಾರ್ಥಾ ಅವರ ಐವರಲ್ಲಿ ಕೆಲವರನ್ನಾದರೂ ಇವು ಉಳಿಸುತ್ತಿದ್ದವು. ಮನೆ ಹೆರಿಗೆಗೆ ವಾಪಸ್ ಹೋಗೋಣ ಎಂದು ನಾನು ಹೇಳುತ್ತಿಲ್ಲ, ಹೇಳುವುದು ಹೊಣೆಗೇಡಿತನವಾದೀತು.

ಮನೆಯ ವರ್ತುಲವನ್ನೂ ಆಸ್ಪತ್ರೆಯ ನೆರವನ್ನೂ ಕೂಡಿಸಲು ಆಗುತ್ತಿತ್ತು ಎಂಬುದಕ್ಕೂ ದಾಖಲೆಯಿದೆ. ಕೆಂಟಕಿಯ ಬೆಟ್ಟಸೀಮೆಯಲ್ಲಿ ಮೇರಿ ಬ್ರೆಕಿನ್‌ರಿಜ್ 1925ರಲ್ಲಿ ಶುರುಮಾಡಿದ, ಮುಂದೆ ಫ್ರಾಂಟಿಯರ್ ನರ್ಸಿಂಗ್ ಸರ್ವಿಸ್ ಎಂದು ಹೆಸರಾದ ಸಂಸ್ಥೆಯ ನರ್ಸ್ ಸೂಲಗಿತ್ತಿಯರು ಕುದುರೆಯೇರಿ ಬಡವರ ಮರದ ಮನೆಗಳಿಗೆ ಹೋಗಿ ಹೆರಿಗೆ ಮಾಡಿಸಿದರು. ಬಸಿರಿನ ತಿಂಗಳುಗಳಿಂದಲೇ ತಪಾಸಣೆ, ಕೈ ಮೀರಿದರೆ ಹೈಡನ್ ಊರಿನ ಸಣ್ಣ ಆಸ್ಪತ್ರೆ, ಅಲ್ಲೊಬ್ಬ ವೈದ್ಯ. ಅವರ ಮೊದಲ ಹತ್ತು ಸಾವಿರ ಹೆರಿಗೆಗಳಲ್ಲಿ ಸತ್ತ ತಾಯಂದಿರು 11. ಅದೇ ಅವಧಿಯಲ್ಲಿ ದೇಶದ ಬಿಳಿಯರ ಸರಾಸರಿ ಹತ್ತು ಸಾವಿರಕ್ಕೆ 34. ಕೊಳಾಯಿ ನೀರೂ ಇಲ್ಲದ ಕುಗ್ರಾಮಗಳಲ್ಲಿ ಇದು ಸಾಧ್ಯವಾಯಿತು. ಆದರೆ ಹೆಚ್ಚಿನ ಕಡೆ ಆಸ್ಪತ್ರೆ ಬಂದಾಗ ತಾಯಿ, ಅಕ್ಕ, ಅತ್ತಿಗೆ ಬಾಗಿಲಾಚೆ ನಿಂತರು. 1914ರ ನಂತರ ಜನಪ್ರಿಯವಾದ ಮಂಪರು ಹೆರಿಗೆಯಲ್ಲಿ ಹೆರುವವಳಿಗೆ ತಾನು ಹೆತ್ತದ್ದೇ ನೆನಪಿರುತ್ತಿರಲಿಲ್ಲ; ಪಕ್ಕದಲ್ಲಿ ನೆನಪಿಟ್ಟು ಹೇಳಲು ಮನೆಯವರಾರೂ ಇರುತ್ತಿರಲಿಲ್ಲ.

ಜೊತೆಗಾತಿಯ ಇರುವಿಕೆ ಬರೀ ಮನಸ್ಸಿನ ಸಮಾಧಾನ, ಅದರಿಂದ ದೇಹಕ್ಕೇನು ಲಾಭ ಎನ್ನುವವರಿಗೆ ಈಗ ಉತ್ತರವಿದೆ. 2017ರ ಕಾಕ್ರೇನ್ ಪರಿಶೀಲನೆ 17 ದೇಶಗಳ, 15,000ಕ್ಕೂ ಹೆಚ್ಚು ಹೆಂಗಸರ ಮೇಲಿನ ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ಹೆರಿಗೆಯುದ್ದಕ್ಕೂ ಬಿಡದೆ ಒಬ್ಬರು ಜೊತೆಗಿದ್ದರೆ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಅವಧಿ ಕಡಿಮೆ ಎಂಬುದು ಅದು ಕಂಡ ಫಲ. ಸೀವಾಲ್ ಮನೆಯ ಪಂಕ್ತಿಯಲ್ಲಿ ಕೂತ ಹೆಂಗಸರು ಮಾಡಿದ್ದು ಇದನ್ನೇ.

ಕರ್ನಾಟಕದಲ್ಲಿ ಈಗ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅದು ದೊಡ್ಡ ಗೆಲುವು, ಹಿಂದೆ ಸರಿಯಬೇಕಾದ ಕಾರಣವಿಲ್ಲ. ತವರಿಗೆ ಕರೆತಂದು ತಿಂಗಳುಗಟ್ಟಲೆ ಬಾಣಂತನ ಮಾಡುವ ನಮ್ಮ ಮನೆಗಳು ಹೆರಿಗೆಯ ಮುಂಚಿನ ದಿನಗಳಲ್ಲೂ ಆಮೇಲಿನ ದಿನಗಳಲ್ಲೂ ಹೆಣ್ಣುಮಗಳ ಕೈಬಿಟ್ಟಿಲ್ಲ; ಅವಳು ಒಂಟಿಯಾಗುವುದು ನಡುವಿನ ಆ ಕೆಲವು ಗಂಟೆಗಳಲ್ಲಿ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯೊಳಗೆ ಹೆರುವವಳ ಜೊತೆ ಮನೆಯ ಒಬ್ಬ ಹೆಂಗಸು, ಹೆತ್ತು ಅನುಭವವಿರುವವರು, ಇರಬಹುದೆಂದು ಕೇಂದ್ರ ಸರ್ಕಾರ 2016ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಏಕಾಂತಕ್ಕೆ ಅನುಕೂಲವಿರುವ ಕಡೆ ಗಂಡನೂ ಇರಬಹುದು. ನಿಮ್ಮ ಮನೆಯಲ್ಲಿ ದಿನ ತುಂಬುತ್ತಿರುವವರಿದ್ದರೆ, ಯಾರು ಜೊತೆಗಿರಬೇಕೆಂದು ಅವರನ್ನೇ ಕೇಳಿ, ಮುಂಚೆಯೇ ಗೊತ್ತು ಮಾಡಿ. ಆಸ್ಪತ್ರೆಯಲ್ಲಿ ವೈದ್ಯರೊಂದಿಗೂ ನರ್ಸ್‌ಗಳೊಂದಿಗೂ ಆ ಮಾರ್ಗಸೂಚಿಯ ಹೆಸರು ಹೇಳಿ ಗೌರವದಿಂದ ಕೇಳಿಕೊಳ್ಳಿ. ಆ ಬಾಗಿಲಲ್ಲಿ ನಿಂತು ಹೆಂಗಸರನ್ನು ಹೊರಗೆ ಕಳಿಸುವ ಕೆಲಸದಲ್ಲಿರುವವರು ದಯವಿಟ್ಟು ಒಬ್ಬರನ್ನಾದರೂ ಒಳಗೆ ಬಿಡಿ.